ಲೊರೇನ್ ಬರೆದುಕೊಟ್ಟ ಚೀಟಿ

ಒಂದು ಹೆಸರನ್ನು ನಾನು ಕದ್ದೆ. ನನಗೆ ಬೇಕಾಗಿತ್ತೆಂದು ಅಲ್ಲ—ಒಬ್ಬ ಹೆಂಗಸಿನ ಮುಖಕ್ಕೆ ಎಸೆಯುವುದಕ್ಕೆ ಬೇಕಾಗಿತ್ತು. ಇನ್ನೂರು ಜನರೆದುರು ಎಸೆದೆ. ಎಸೆದ ಕ್ಷಣದಲ್ಲಿ ಹೊಟ್ಟೆ ತಣ್ಣಗಾಯಿತು, ಸುಳ್ಳು ಹೇಳುವುದಿಲ್ಲ. ಅದು ಯಾರ ಮನೆಯ ಹೆಸರಾಗಿತ್ತೋ ಆ ಮನೆಯವರು ಅದನ್ನು ಇವತ್ತಿಗೂ ತಮ್ಮ ಹುಡುಗಿಗೆ ಇಡಲಾರದೆ ಕೂತಿದ್ದಾರೆ. ಇದು ಆರು ವರ್ಷದ ಹಿಂದಿನ ಮಾತು. ಈ ಆರು ವರ್ಷ ನಾನು ಕಥೆಯ ಅರ್ಧವನ್ನಷ್ಟೇ ಹೇಳಿ, ಅದಕ್ಕೆ ಕ್ಷಮೆಯನ್ನೂ ಗಿಟ್ಟಿಸಿಕೊಂಡು, ಆರಾಮಾಗಿ ಓಡಾಡಿಕೊಂಡಿದ್ದೇನೆ. ಉಳಿದ ಅರ್ಧವನ್ನು ಇಲ್ಲಿ ಹೇಳುತ್ತೇನೆ.

ಆ ಹೆಸರನ್ನು ಮಾತ್ರ ಬರೆಯುವುದಿಲ್ಲ. ಒಮ್ಮೆ ಬರೆದು ಮಾಡಿದ ಅನಾಹುತವೇ ಸಾಕು.

ನಾನು ಗಿರಿಜಾ, ಹುಣಸೂರಿನವಳು. ಮದುವೆಗೆ ಮುಂಚೆ ಅಲ್ಲಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಏಳು ವರ್ಷ ಹಳೆಯ ಪತ್ರಗಳನ್ನು ಓದಿ ನಕಲು ಬರೆದುಕೊಡುವ ಕೆಲಸದಲ್ಲಿದ್ದೆ. ಗೆದ್ದಲು ತಿಂದ ಕಾಗದ, ಮಾಸಿದ ಶಾಯಿ, ಕೋಳಿ ಕೆದರಿದಂಥ ಅಕ್ಷರ—ಯಾವುದಕ್ಕೂ ನನ್ನ ಕಣ್ಣು ಸೋತದ್ದಿಲ್ಲ. ಆಸ್ತಿ ಪಾಲಾಗುವಾಗ ಜನ ವಂಶವೃಕ್ಷ ಬರೆಸಿಕೊಂಡು ಬರುತ್ತಿದ್ದರು. ಅದರಲ್ಲಿ ಹೆಣ್ಣುಮಕ್ಕಳು ಮಾಯ, ಎರಡನೆಯವಳ ಮಕ್ಕಳು ಮಾಯ. ನಮ್ಮ ಹೆಡ್ ಗುಮಾಸ್ತರು ಕನ್ನಡಕ ಮೇಲೆತ್ತಿ, "ಬರೆದಿರೋರನ್ನ ಓದಬೇಡಮ್ಮ, ಬಿಟ್ಟಿರೋರನ್ನ ಓದು" ಎನ್ನುತ್ತಿದ್ದರು. ಒಂದು ಮನೆಯ ಪಟ್ಟಿಯಲ್ಲಿ ಯಾರದ್ದೋ ಹೆಸರಿದ್ದು ಸಂಬಂಧದ ಜಾಗ ಖಾಲಿಯಿದ್ದರೆ, ಅಲ್ಲಿ ಒಬ್ಬರನ್ನು ಹೂತಿದ್ದಾರೆ ಎಂದೇ ಅರ್ಥ. ಈ ವಿದ್ಯೆ ಮುಂದೆ ನನ್ನ ಕೈಯಲ್ಲಿ ಎಂಥ ಕೆಲಸಕ್ಕೆ ಬಂತು ಎಂದು ತಿಳಿದರೆ ಆ ಪುಣ್ಯಾತ್ಮರು ನೊಂದುಕೊಳ್ಳುತ್ತಿದ್ದರು.

ಮದುವೆಯಾಗಿ ಅಮೆರಿಕದ ರೆಂಟನ್ನಿಗೆ ಬಂದೆ. ಯಜಮಾನರು, ಶ್ರೀಕಂಠ, ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಮಗಳು ಮದುವೆಯಾಗಿ ಹೋದ ಮೇಲೆ, ಗೋಡೆ ನೋಡುತ್ತ ಕೂರುವುದಕ್ಕಿಂತ ಮೇಲೆಂದು, ಊರಾಚೆಯ ಒಂದು ಪುಟ್ಟ ಇತಿಹಾಸ ಸಂಗ್ರಹಾಲಯದಲ್ಲಿ ಸಂಬಳವಿಲ್ಲದ ಕೆಲಸಕ್ಕೆ ಸೇರಿದೆ. ಅಲ್ಲಿ ಪೆಟ್ಟಿಗೆಗಟ್ಟಲೆ ಹಳೆಯ ದಿನಚರಿ, ಜನಗಣತಿಯ ಪಟ್ಟಿ, ಚರ್ಚಿನ ರಿಜಿಸ್ಟರು. ಇಲ್ಲಿನ ಎಳೆಯರಿಗೆ ಇಂಗ್ಲಿಷಿನ ಕೂಡು ಅಕ್ಷರ ಓದಲು ಬರುವುದಿಲ್ಲ. ಅವರ ಮುತ್ತಜ್ಜನ ಕೈಬರಹವನ್ನು ಅವರಿಗೆ ಓದಿ ಹೇಳಲು ಹುಣಸೂರಿನಿಂದ ನಾನು ಬರಬೇಕಾಯಿತು.

ಇನ್ನು ಪ್ಯಾಮೆಲಾ. ಆ ಸಂಗ್ರಹಾಲಯದ ಸರ್ವಾಧಿಕಾರಿಣಿ. ಈ ಕಡೆ ಮೊದಲು ಬಂದು ನೆಲೆಸಿದ ಬಿಳಿಯರ ವಂಶಸ್ಥರದ್ದೊಂದು ಕೂಟವಿದೆ, ಅದರ ಅಧ್ಯಕ್ಷೆಯೂ ಅವಳೇ. ಅವಳ ಮುತ್ತಾತ ಇಲ್ಲಿಗೆ ಬಂದು ಮರ ಕೊಯ್ಯುವ ಗಿರಣಿ ಹಾಕಿದವನು. ಅವನ ಮೂರು ಸಂಪುಟದ ದಿನಚರಿಯನ್ನು ಸಾಲುಸಾಲಾಗಿ ಓದಿ ಟೈಪು ಮಾಡಿದವಳು ನಾನು, ಹದಿನಾಲ್ಕು ತಿಂಗಳು. ಪುಸ್ತಕ ಬಂತು. ಹೊದಿಕೆಯ ಮೇಲೆ ಅವಳ ಹೆಸರು, ಒಳಗೆ ಅವಳ ಹೆಸರು, ಕೃತಜ್ಞತೆಯ ಪುಟದಲ್ಲಿ ಅವಳ ನಾಯಿಯ ಹೆಸರು. ನಾನು ಎಲ್ಲಿಯೂ ಇಲ್ಲ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಬಿಡುಗಡೆಯ ದಿನ, ರೇಷ್ಮೆ ಸೀರೆ ಉಟ್ಟು ಹೋಗಿದ್ದೆ, ಅವಳು ಅತಿಥಿಗಳಿಗೆ ನನ್ನನ್ನು "ನಮ್ಮ ಟೈಪಿಸ್ಟ್" ಎಂದು ತೋರಿಸಿದಳು. ನಾನು ಮೆಲ್ಲಗೆ, "ಒಂದು ತಪ್ಪು ಉಳಿದುಬಿಟ್ಟಿದೆ. ಗಿರಣಿ ಕಟ್ಟಿದ್ದು ಬಯಲು ಜಾಗದಲ್ಲಿ ಅಂತ ಪುಸ್ತಕದಲ್ಲಿದೆ. ದಿನಚರಿಯಲ್ಲಿ ಹಾಗಿಲ್ಲ—ಅಲ್ಲಿದ್ದವರ ಮನೆಗಳಿಗೆ ಬೆಂಕಿ ಇಟ್ಟ ಮೇಲೆ ಅಂತಿದೆ" ಎಂದೆ. ಅವಳು ನಕ್ಕಳು. ನನ್ನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಗಿರಿಜಾ ಡಿಯರ್, ಇದು ಈ ನೆಲಕ್ಕೆ ಸೇರಿದವರ ಮನೆಯ ಮಾತು. ಹೊರಗಿನಿಂದ ಬಂದವರಿಗೆ ಇದರ ಸೂಕ್ಷ್ಮ ತಿಳಿಯುವುದಿಲ್ಲ."

ಸುತ್ತ ನಿಂತವರು ನಕ್ಕರು. ತಟ್ಟೆ ಹಿಡಿದು ನಿಂತಿದ್ದ ಶ್ರೀಕಂಠ—ಅವರೂ ನಕ್ಕರು.

ಮನೆಗೆ ಬರುವಾಗ ಕಾರಿನಲ್ಲಿ ಕೇಳಿದೆ, "ನೀವ್ಯಾಕ್ರೀ ನಕ್ಕಿದ್ದು?"

"ಎಲ್ರೂ ನಕ್ರಲ್ಲೇ. ಏನೋ ಜೋಕ್ ಮಾಡಿದ್ಲು ಅವ್ಳು. ಬಿಟ್ಟಾಕು."

"ಬಿಟ್ಟಾಕೋದಾ? ನೋಡ್ತಿರಿ. ಅವಳ ಮನೆಯ ಮಾತು ಏನು ಅಂತ ಊರಿಗೆಲ್ಲ ತೋರಿಸ್ತೀನಿ. ನನ್ನ ಹೆಸ್ರು ಗಿರಿಜಾ."

"ಅಯ್ಯೋ, ಲೇನ್ ಚೇಂಜ್ ಮಾಡ್ತಿದೀನಿ, ಸುಮ್ನಿರು" ಎಂದರು.

ಸುಮ್ಮನೇ ಇದ್ದೆ—ಒಂದು ವರ್ಷ. ಮೊದಲಿಗಿಂತ ನಯವಾಗಿ ನಡೆದುಕೊಂಡೆ. ಅವಳ ಹುಟ್ಟುಹಬ್ಬಕ್ಕೆ ಮೈಸೂರುಪಾಕು ಮಾಡಿಕೊಟ್ಟೆ. ಸೇಡಿನವರಿಗೆ ಇರುವಷ್ಟು ತಾಳ್ಮೆ ತಪಸ್ಸಿನವರಿಗೂ ಇರುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗಲೂ ಅವಳ ಆ ಮಾತು, ಒಗ್ಗರಣೆ ಸಿಡಿಯುವಾಗಲೂ ಆ ಮಾತು. ಅವಳ ವಂಶದಲ್ಲಿ ಒಂದಾದರೂ ಹುಳುಕು ಇದ್ದೇ ಇರುತ್ತದೆ ಎಂದು ಆ ಮನೆತನದ ಕಾಗದಗಳನ್ನೆಲ್ಲ ಜಾಲಾಡಿದೆ. ಯಾರೂ ಆ ಕೆಲಸ ಹೇಳಿರಲಿಲ್ಲ.

ಲೊರೇನ್ ಬಂದದ್ದು ಆ ವರ್ಷದಲ್ಲಿ. ಎಪ್ಪತ್ತರ ಹತ್ತಿರದವರು, ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಬಿಳಿಯರು ಬರುವ ಮುಂಚಿನಿಂದ ಇಲ್ಲಿದ್ದ ಜನ ಅವರದ್ದು. ಬ್ಲ್ಯಾಕ್ ರಿವರ್ ದಂಡೆಯಲ್ಲಿ ಮನೆಗಳಿದ್ದವಂತೆ. ಈಗ ಆ ನದಿಯೇ ಇಲ್ಲ. ಕಾಲುವೆ ತೋಡಿ ಸರೋವರದ ನೀರು ಇಳಿಸಿದಾಗ ಬತ್ತಿಹೋಯಿತು. ಅದು ಹರಿದ ಕಡೆ ಇವತ್ತು ರಸ್ತೆ, ಗೋದಾಮು, ಪಾರ್ಕಿಂಗ್. ಲೊರೇನ್ ಪ್ರತಿ ಬುಧವಾರ ಬಂದು ಮೂಲೆಯ ಮೇಜಿನಲ್ಲಿ ಕೂರುತ್ತಿದ್ದರು. ಅವರು ಹುಡುಕುತ್ತಿದ್ದದ್ದು ತಮ್ಮ ಅಜ್ಜಿಯ ಅಕ್ಕನನ್ನು.

ಮೊದಲ ವಾರ ಹೊಗೆಯಲ್ಲಿ ಒಣಗಿಸಿದ ಸಾಮನ್ ಮೀನು ತಂದುಕೊಟ್ಟರು. ನಾನು ಮೀನು ತಿನ್ನುವುದಿಲ್ಲವೆಂದೆ. "ಮತ್ತೆ ಈ ಊರಲ್ಲಿ ಹೇಗೆ ಬದುಕಿದ್ದೀಯ?" ಎಂದು ನಿಜವಾದ ಕಳಕಳಿಯಿಂದ ಕೇಳಿದರು. ಮುಂದಿನ ವಾರ ಪುಳಿಯೋಗರೆ ಒಯ್ದೆ. ಎರಡು ಸಲ ಹಾಕಿಸಿಕೊಂಡರು; ಆಮೇಲಿನಿಂದ ಮೀನಿನ ಬದಲು ನನಗೆ ಹಣ್ಣು ತರುತ್ತಿದ್ದರು. ಈ ದೇಶದಲ್ಲಿ ಮೂವತ್ತು ವರ್ಷವಾದರೂ ನನಗೆ ಮನೆಯೊಳಗಿನ ಮಾತಾಡುವ ಗೆಳತಿ ಅಂತ ಸಿಕ್ಕಿದ್ದು ಅವರೊಬ್ಬರೇ. ಅದನ್ನೂ ಹೇಳಬೇಕು—ಹೇಳದಿದ್ದರೆ ನಾನು ಮಾಡಿದ್ದು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ.

ಅಜ್ಜಿಯ ಅಕ್ಕನ ಕಥೆ ಇಷ್ಟು. ಹದಿನಾರು ತುಂಬುವ ಮುಂಚೆ ಅವಳನ್ನು ಗಿರಣಿಯ ಬಿಳಿಯನೊಬ್ಬ ತನ್ನ ಗುಡಿಸಲಿಗೆ ಕರೆದೊಯ್ದ. ಎರಡು ಗಂಡುಮಕ್ಕಳಾದರು. ಕೆಲವು ವರ್ಷದ ಮೇಲೆ ಹಡಗಿನಲ್ಲಿ ಅವನಿಗೊಬ್ಬ ಬಿಳಿ ಹೆಂಡತಿ ಬಂದಳು. ಇವಳನ್ನು ಹೊರಗೆ ಹಾಕಿದ, ಮಕ್ಕಳನ್ನು ಇಟ್ಟುಕೊಂಡ. ಇವಳು ನದಿಯ ದಂಡೆ ಹಿಡಿದು ನಡೆದು ಬಂದರೆ, ಅಷ್ಟರಲ್ಲಿ ಅಲ್ಲಿನ ಮನೆಗಳನ್ನೂ ಸುಟ್ಟಿದ್ದರು. ಉಳಿದವರನ್ನು ಹುಡುಕಿಕೊಂಡು ಸೇರಿದಳು. ಸಾಯುವವರೆಗೂ ಆ ಮಕ್ಕಳ ಮಾತೆತ್ತಲಿಲ್ಲವಂತೆ. ಆ ಗಿರಣಿಯವನು ಯಾರೆಂದು ಲೊರೇನ್‌ಗೆ ಗೊತ್ತಿರಲಿಲ್ಲ, ಆ ಕಾಲಕ್ಕೆ ಇಲ್ಲಿ ಗಿರಣಿಗಳು ಹತ್ತಾರು.

ನನಗೆ ಸಿಕ್ಕಿತು. ಹಳೆಯ ಜನಗಣತಿಯ ಒಂದು ಪಟ್ಟಿಯಲ್ಲಿ ಪ್ಯಾಮೆಲಾಳ ಮುತ್ತಾತ. ಅವನ ಕೆಳಗೆ "ಮೇರಿ"—ಲೊರೇನ್ ಜನದ ಹೆಂಗಸರಿಗೆಲ್ಲ ಗುಮಾಸ್ತರು ಮೇರಿ ಎಂದೇ ಬರೆಯುತ್ತಿದ್ದರು—ಅವಳ ಕೆಳಗೆ ಇಬ್ಬರು ಹುಡುಗರು. ಸಂಬಂಧದ ಜಾಗ ಖಾಲಿ. ಮುಂದಿನ ಗಣತಿಯಲ್ಲಿ ಮೇರಿ ಇಲ್ಲ, ಎಲಿಜಬೆತ್ ಎಂಬ ಹೆಂಡತಿ ಇದ್ದಾಳೆ, ಅದೇ ಇಬ್ಬರು ಹುಡುಗರು ಅವಳ ಮಕ್ಕಳಾಗಿದ್ದಾರೆ. ಎಲಿಜಬೆತ್ ಈ ಊರಿಗೆ ಬರುವ ಹೊತ್ತಿಗೇ ಅವರಿಗೆ ಏಳು, ಒಂಬತ್ತು ವರ್ಷ. ಆ ಕಿರಿಯವನೇ ಪ್ಯಾಮೆಲಾಳ ಅಜ್ಜ.

ಅದೇ ಕಾಗದದಲ್ಲಿ ಲೊರೇನ್‌ಗೆ ಅಜ್ಜಿಯ ಅಕ್ಕ ಕಂಡರು. ಕಣ್ಣು ಒರೆಸಿಕೊಂಡು, ಆ ಸಾಲಿನ ಮೇಲೆ ಬೆರಳಿಟ್ಟು ಕೂತರು. ನನಗೆ ಪ್ಯಾಮೆಲಾಳ ಜುಟ್ಟು ಕಂಡಿತು.

ಇನ್ನೂ ಖಚಿತವಾಗಲಿ ಎಂದು ಚರ್ಚಿನ ರಿಜಿಸ್ಟರಿನಲ್ಲಿ ಹುಡುಕಬೇಕಿತ್ತು. ಪಾದ್ರಿ ಒಮ್ಮೊಮ್ಮೆ ಅವರ ನಿಜವಾದ ಹೆಸರನ್ನು ಕಿವಿಗೆ ಬಿದ್ದಂತೆ ಬರೆಯುತ್ತಿದ್ದ. ಗುರುತು ಹಿಡಿಯಲು ಆ ಹೆಸರು ನನಗೆ ತಿಳಿದಿರಬೇಕಲ್ಲ. ಲೊರೇನ್ ಬಹಳ ಹೊತ್ತು ಯೋಚಿಸಿದರು. ಆಮೇಲೆ ಒಂದು ಚೀಟಿಯಲ್ಲಿ ಬರೆದು, ಮಡಚಿ, ನನ್ನ ಅಂಗೈಯಲ್ಲಿಟ್ಟರು.

"ಇದನ್ನು ಕಂಪ್ಯೂಟರಿಗೆ ಹಾಕಬೇಡ. ಎಲ್ಲೂ ಬರೆಯಬೇಡ. ನೋಡಿ ಆದ ಮೇಲೆ ನನಗೇ ಕೊಡು."

ಅವರಲ್ಲಿ ಹೆಸರು ಎಂದರೆ ಮನೆತನದ ಸ್ವತ್ತು. ಸತ್ತವರ ಹೆಸರನ್ನು ಎತ್ತಿಟ್ಟಿರುತ್ತಾರೆ. ತಲೆಮಾರುಗಳ ಮೇಲೆ, ತಕ್ಕ ಮಗು ಸಿಕ್ಕಾಗ, ಜನರನ್ನು ಕರೆದು, ಊಟ ಹಾಕಿ, ಅದನ್ನು ಹೊರತೆಗೆದು ಆ ಮಗುವಿಗೆ ತೊಡಿಸುತ್ತಾರೆ. ಅಲ್ಲಿಯವರೆಗೆ ಹೊರಗಿನವರ ಬಾಯಲ್ಲಿ ಅದು ಓಡಾಡಕೂಡದು. ಲೊರೇನ್‌ನ ಮೊಮ್ಮಗಳು ಕೇಯ್ಲಾ, ಆಗ ಹನ್ನೆರಡು ವರ್ಷದವಳು. ಮುಂದಿನ ಬೇಸಿಗೆಗೆ ಅವಳಿಗೆ ಆ ಹೆಸರು ಕೊಡುವುದೆಂದು ಮನೆಯ ಹಿರಿಯರೆಲ್ಲ ಒಪ್ಪಿದ್ದರು. ಮಕ್ಕಳನ್ನು ಕಳೆದುಕೊಂಡು ಬರಿಗೈಯಲ್ಲಿ ಬಂದವಳ ಬಳಿ ಉಳಿದಿದ್ದ ಒಂದೇ ವಸ್ತು ಅದು.

ನನಗೆ ಅರ್ಥವಾಗಲಿಲ್ಲ ಎಂದು ಹೇಳುವ ಹಾಗಿಲ್ಲ. ನನ್ನದು ನನ್ನ ತಂದೆಯ ತಾಯಿಯ ಹೆಸರು. ಅತ್ತೆಯ ಹೆಸರನ್ನು ಬಾಯಲ್ಲಿ ಎತ್ತಬಾರದೆಂದು ನನ್ನಮ್ಮ ಸಾಯುವವರೆಗೂ ನನ್ನನ್ನು ಗಿರಿಜಾ ಎಂದು ಕರೆಯಲಿಲ್ಲ. ಬರೀ ಪುಟ್ಟಿ, ಪುಟ್ಟಿ. ಶಾಲೆಯ ಅರ್ಜಿ ತುಂಬುವಾಗ ಕೂಡ, "ಇವಳ ಹೆಸ್ರು ಅವ್ರು ಹೇಳ್ತಾರೆ" ಎಂದು ಅಪ್ಪನ ಕಡೆ ಕೈ ತೋರಿಸಿದ್ದಳು. ಇದನ್ನು ಹೇಳಿದಾಗ ಲೊರೇನ್ ಮೇಜು ತಟ್ಟಿ ನಕ್ಕರು. "ಹಾಗಾದರೆ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ" ಎಂದರು. ನಿಜ. ಬಿಡಿಸಿ ಹೇಳಬೇಕಾಗಿರಲಿಲ್ಲ.

ರಿಜಿಸ್ಟರಿನಲ್ಲಿ ಹೆಸರು ಸಿಕ್ಕಿತು. ಚೀಟಿಯನ್ನು ವಾಪಸು ಕೊಟ್ಟೆ. "ಪ್ಯಾಮೆಲಾಗೆ ಹೇಳೋಣವೇ?" ಎಂದೆ, ನಾಲಿಗೆಯ ತುದಿಯಲ್ಲಿ ನೀರೂರುತ್ತಿತ್ತು.

"ನಾನೇ ಹೇಳುತ್ತೇನೆ. ಅವಳೂ ನಮ್ಮ ರಕ್ತವೇ ಅಲ್ಲವೇ? ಕೇಯ್ಲಾಗೆ ಹೆಸರಿಟ್ಟ ಮೇಲೆ ಒಂದು ದಿನ ಮನೆಗೆ ಕರೆದು, ಊಟ ಹಾಕಿ, ನಿಧಾನವಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಬೇಡ."

ಸರಿ ಎಂದೆ. ಮನಸ್ಸಿನಲ್ಲಿ—ಊಟ ಹಾಕುವುದಂತೆ! ಉಗಿದು ಉಪ್ಪು ಹಾಕುವುದು ಬಿಟ್ಟು!

ಎರಡು ತಿಂಗಳಿಗೆ ಪ್ಯಾಮೆಲಾಳ ಇಮೇಲ್ ಬಂತು. ಕರ್ಕ್‌ಲ್ಯಾಂಡಿನಲ್ಲಿ ಸರೋವರದ ಪಕ್ಕದ ಸಭಾಂಗಣದಲ್ಲಿ ಕೂಟದ ವಾರ್ಷಿಕ ಭೋಜನ. ಈ ಸಲ ವೇದಿಕೆಯ ಹಿಂದೆ ಅವಳ ಮನೆತನದ ವಂಶವೃಕ್ಷದ ದೊಡ್ಡ ಬ್ಯಾನರ್ ತೂಗುಹಾಕಬೇಕು. ಅದನ್ನು ಕಂಪ್ಯೂಟರಿನಲ್ಲಿ ಜೋಡಿಸಿ ನೇರವಾಗಿ ಪ್ರಿಂಟಿಗೆ ಕಳಿಸುವ ಕೆಲಸ ನನಗೆ. "ನಿನ್ನ ಕಣ್ಣು ಬಹಳ ಸೂಕ್ಷ್ಮ" ಎಂದು ಬರೆದಿದ್ದಳು. ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ ಅನ್ನುತ್ತಾರಲ್ಲ, ಹಾಗೆ.

ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ. ಮುತ್ತಾತನ ಚೌಕದ ಪಕ್ಕ, ಎಲಿಜಬೆತ್‌ಗಿಂತ ಮೊದಲು, ಇನ್ನೊಂದು ಚೌಕ ಬರೆದೆ. ಅದರಿಂದ ಕಿರಿಯ ಮಗನಿಗೆ, ಅಲ್ಲಿಂದ ಪ್ಯಾಮೆಲಾಳವರೆಗೆ ದಪ್ಪ ಗೆರೆ ಎಳೆದೆ. ಚೌಕದೊಳಗೆ "ಮೊದಲ ಹೆಂಡತಿ" ಎಂದೂ, ಯಾವ ಜನದವಳೆಂದೂ ಬರೆದೆ. ಮತ್ತೆ—ಬರೀ "ಮೇರಿ" ಎಂದು ಬರೆದಿದ್ದರೂ ನನ್ನ ಕೆಲಸ ಆಗುತ್ತಿತ್ತು. ಕೈ ನಿಂತಿತು ಕೂಡ. ಆದರೆ ಮೇರಿ ಅಂದರೆ ಬಿಳಿಯರ ಹೆಸರಿನ ಹಾಗೆ ಕೇಳುತ್ತದೆ, ಚುಚ್ಚುವುದಿಲ್ಲ ಎನ್ನಿಸಿತು. ಏಳು ವರ್ಷ ನಕಲು ಬರೆದವಳಿಗೆ ಒಮ್ಮೆ ನೋಡಿದ ಅಕ್ಷರ ಮರೆಯುವುದಿಲ್ಲ. ಚೀಟಿಯಲ್ಲಿದ್ದ ಹೆಸರನ್ನು ಇದ್ದ ಹಾಗೇ, ಒಂದು ಚುಕ್ಕಿ ತಪ್ಪದೆ, ಟೈಪು ಮಾಡಿದೆ. ಪ್ರಿಂಟಿಗೆ ಕಳಿಸಿ, ಎದ್ದು ಹೋಗಿ ಕಾಫಿ ಮಾಡಿಕೊಂಡು ಕುಡಿದೆ. ಅಷ್ಟು ರುಚಿಯಾದ ಕಾಫಿಯನ್ನು ಆಮೇಲೆ ಕುಡಿದಿಲ್ಲ.

ಭೋಜನದ ಸಂಜೆ ಅದೇ ರೇಷ್ಮೆ ಸೀರೆಯನ್ನೇ ಉಟ್ಟೆ. ಮುಂದಿನ ಸಾಲಿನಲ್ಲಿ ಕೂತೆ, ಅವಳ ಮುಖ ಸರಿಯಾಗಿ ಕಾಣಬೇಕಲ್ಲ. ಬ್ಯಾನರ್ ಬಿಚ್ಚಿದರು. ಮೊದಲು ಚಪ್ಪಾಳೆ, ಆಮೇಲೆ ಗುಜುಗುಜು. ಪ್ಯಾಮೆಲಾ ತಿರುಗಿ ನೋಡಿದಳು. ಗೆರೆಯನ್ನು ಮೇಲಿನಿಂದ ಕೆಳಗೆ ಕಣ್ಣಲ್ಲೇ ಹಿಡಿದುಕೊಂಡು ಬಂದು ತನ್ನ ಹೆಸರಿನ ಮೇಲೆ ನಿಂತಳು. ಮುಖ ಬಿಳಿಚಿತು. ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ—ಹೌದು ಡಿಯರ್, ಇದು ನಿನ್ನ ಮನೆಯ ಮಾತು.

ಜೀವನದಲ್ಲಿ ಅಂಥ ಸುಖವನ್ನು ನಾನು ಕಂಡಿಲ್ಲ. ಅರ್ಧ ನಿಮಿಷ ಇದ್ದಿರಬಹುದು.

ಆಮೇಲೆ ಅವಳು ಮೈಕಿನ ಹತ್ತಿರ ನಡೆದಳು. ಕಣ್ಣಲ್ಲಿ ನೀರು. ಎದೆಯ ಮೇಲೆ ಕೈಯಿಟ್ಟು, "ನನಗೆ ಯಾವಾಗಲೂ ಅನ್ನಿಸುತ್ತಿತ್ತು. ಈ ನದಿ, ಈ ಕಾಡು ನನ್ನನ್ನು ಕರೆಯುತ್ತಿವೆ ಅಂತ. ಈಗ ಯಾಕೆಂದು ಗೊತ್ತಾಯಿತು" ಎಂದಳು. ಆ ಹೆಸರನ್ನು ಓದಿದಳು. ತಪ್ಪುತಪ್ಪಾಗಿ, ಮೂರು ಸಲ. ಇನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಳಿದು ಬಂದು ನನ್ನನ್ನು ತಬ್ಬಿಕೊಂಡು, "ನೀನು ನನಗೆ ನನ್ನನ್ನೇ ಕೊಟ್ಟೆ" ಎಂದಳು. ಅವಳ ಸೆಂಟಿನ ವಾಸನೆ ಸೀರೆಯಿಂದ ಹೋಗಲು ಮೂರು ಸಲ ಒಗೆಸಬೇಕಾಯಿತು.

ನನಗೆ ಅರ್ಥವೇ ಆಗಲಿಲ್ಲ. ಅವಮಾನದಿಂದ ಕುಸಿಯಬೇಕಾದವಳು ಕಿರೀಟ ಇಟ್ಟುಕೊಂಡವಳ ಹಾಗೆ ನಡೆಯುತ್ತಿದ್ದಳು.

ಮುಂದಿನ ತಿಂಗಳುಗಳಲ್ಲಿ ಆ ಹೆಸರು ಎಲ್ಲೆಲ್ಲೂ ಬಂತು. ಅವಳ ಇಮೇಲಿನ ಕೊನೆಯಲ್ಲಿ, ಭಾಷಣದ ಆಹ್ವಾನಪತ್ರದಲ್ಲಿ, ಸಂಗ್ರಹಾಲಯದ ಹಿಂದಿನ ತೋಟದ ಫಲಕದ ಮೇಲೆ. ಅವಳ ಮಗಳಿಗೆ ಹೆಣ್ಣು ಮಗು ಹುಟ್ಟಿದಾಗ ನಡುವಿನ ಹೆಸರಾಗಿ ಅದನ್ನೇ ಇಟ್ಟರು. ನೆಲವನ್ನು ಹಾಗೆ ತೆಗೆದುಕೊಂಡಿದ್ದರು, ಮಕ್ಕಳನ್ನು ಹಾಗೆ ತೆಗೆದುಕೊಂಡಿದ್ದರು. ಹೆಸರೊಂದೇ ಅವರಿಗೆ ತಿಳಿದಿರಲಿಲ್ಲ. ಅದನ್ನು ನಾನು ಬ್ಯಾನರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟೆ.

ಲೊರೇನ್ ಮೂರು ಬುಧವಾರ ಬರಲಿಲ್ಲ. ನಾಲ್ಕನೆಯ ವಾರ ಬಂದು, ಕೋಟು ಕೂಡ ಬಿಚ್ಚದೆ ನನ್ನೆದುರು ಕೂತರು. ಹಿರಿಯರು ಕೂತು ತೀರ್ಮಾನ ಮಾಡಿದ್ದರಂತೆ. ಆ ಹೆಸರನ್ನು ಕೇಯ್ಲಾಗೆ ಕೊಡುವುದಿಲ್ಲ. ಪರರ ಬಾಯಲ್ಲಿ ಇರುವವರೆಗೆ ಅದನ್ನು ಯಾರಿಗೂ ಕೊಡುವಂತಿಲ್ಲ. ಹುಡುಗಿ ಎರಡು ದಿನ ಕೋಣೆಯಿಂದ ಹೊರಗೆ ಬಂದಿರಲಿಲ್ಲವಂತೆ. "ನಾನೇ ಅವಳಿಗೆ ಹೇಳಬೇಕಾಯಿತು. ನನ್ನ ಕೈಯಿಂದಲೇ ಹೋಯಿತು ಅಂತ" ಎಂದರು. ಬೈಯಲಿಲ್ಲ. ಬೈದಿದ್ದರೆ ಎದುರು ಬೈಯಬಹುದಿತ್ತು, ಅದು ನನಗೆ ಚೆನ್ನಾಗಿ ಬರುತ್ತದೆ. ಅವರು ಕೇಳಿದ್ದು ಒಂದೇ:

"ಯಾಕೆ ಬರೆದೆ?"

ನಾನು ಹೇಳಿದೆ, "ನಿಮಗೆ ನ್ಯಾಯ ಸಿಗಲಿ ಅಂತ."

ಅವರು ಮೇಜಿನ ಮೇಲಿದ್ದ ನನ್ನ ಕೈಯನ್ನು ಹಿಡಿದರು. "ಸಿಟ್ಟಿನಲ್ಲಿ ಮಾಡಿದೆ. ಆದರೆ ನಮಗಾಗಿ ಸಿಟ್ಟು ಬಂದವರು ಈವರೆಗೆ ಎಷ್ಟು ಜನ?" ಎಂದರು. ಅಲ್ಲಿಗೆ ಕ್ಷಮಿಸಿದರು. ಅಂದಿನಿಂದ ಇಂದಿನವರೆಗೆ ಗೆಳತಿಯಾಗಿಯೇ ಇದ್ದಾರೆ. ಯಜಮಾನರಿಗೆ ಮಂಡಿಯ ಆಪರೇಷನ್ ಆದಾಗ ತಿಂಗಳುಗಟ್ಟಲೆ ಆಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋದವರು ಅವರೇ.

ಇಷ್ಟು ಅವರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನು ಮುಂದಿನದು.

ನ್ಯಾಯವೂ ಇಲ್ಲ, ಮಣ್ಣೂ ಇಲ್ಲ. ಆ ಮಧ್ಯಾಹ್ನ ಆ ಚೌಕ ಬರೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ದೊಡ್ಡ ಮನೆತನ ಅಂತ ಮೆರೀತೀಯಲ್ಲ, ನಿನ್ನ ಮುತ್ತಜ್ಜಿ ಕಾಡಿನವಳು ಕಣೇ. ಇದೇ ಮಾತು, ಇದೇ ಧಾಟಿ, ಅಚ್ಚ ಹುಣಸೂರು ಕನ್ನಡದಲ್ಲಿ. ಪ್ಯಾಮೆಲಾ ಆ ಜನದ ಹೆಣ್ಣಿನ ಮರಿಮೊಮ್ಮಗಳು ಎಂದು ಗೊತ್ತಾದರೆ ಅವಳ ಮಾನ ಹೋಗುತ್ತದೆ ಎಂದು ನಾನು ನಂಬಿದ್ದೆ. ಯಾಕೆ ನಂಬಿದೆ? ನನ್ನ ಮಾನ ಹೋಗುತ್ತಿತ್ತು, ಅದಕ್ಕೆ. ನಮ್ಮ ಅಜ್ಜಿಯ ಮನೆಯಲ್ಲಿ ಯಾರಿಗಾದರೂ ಇಂಥ ಹಿನ್ನೆಲೆ ಇದೆ ಎಂದು ತಿಳಿದರೆ ಮದುವೆ ಮುರಿಯುತ್ತಿತ್ತು. ಕಾಡಂಚಿನ ಹಾಡಿಗಳಲ್ಲಿದ್ದ ಬುಡಕಟ್ಟಿನವರು ಜೇನು ತಂದಾಗ ಹಿತ್ತಲ ಬಾಗಿಲಲ್ಲೇ ನಿಲ್ಲಿಸಿ ಅಜ್ಜಿ ಎತ್ತರದಿಂದ ನೀರು ಹೊಯ್ಯುತ್ತಿದ್ದಳು. ತಲೆ ಬಾಚದೆ ಓಡಾಡಿದರೆ ನನಗೆ ಬೀಳುತ್ತಿದ್ದ ಬೈಗುಳ, "ಒಳ್ಳೆ ಹಾಡಿಯವಳ ಹಾಗೆ." ಅಜ್ಜನ ನಾಲ್ಕು ಎಕರೆಯ ಹಳೆಯ ಪತ್ರವನ್ನು ಕಚೇರಿಯಲ್ಲಿ ನಾನೇ ಒಮ್ಮೆ ನಕಲು ಮಾಡಿದ್ದೆ. ಜಮೀನಿನ ಎಲ್ಲೆ ಹೇಳುವ ಚೆಕ್ಕುಬಂದಿಯಲ್ಲಿ "ಉತ್ತರಕ್ಕೆ ತೆರವು ಮಾಡಿಸಿದ ಹಾಡಿ" ಎಂದಿತ್ತು. ಓದಿದೆ, ಬರೆದೆ, ಮೊಹರು ಹಾಕಿಸಿದೆ. ಬಿಟ್ಟವರನ್ನು ಓದುವ ನನ್ನ ವಿದ್ಯೆ ಅವತ್ತು ಎಲ್ಲಿಗೆ ಹೋಗಿತ್ತೋ.

ಲೊರೇನ್‌ನ ಪಕ್ಕದಲ್ಲಿ ಕೂತು, ಅವರ ಕೈಯಿಂದ ಹಣ್ಣು ಇಸಿದುಕೊಂಡು ತಿಂದು, ಅವರ ಕುಲವನ್ನೇ ಬೈಗುಳವಾಗಿ ಬಳಸಿದೆ. ನೀವು ಕ್ಷಮಿಸಿದ್ದು ನಿಮ್ಮ ಪರವಾಗಿ ಸಿಟ್ಟುಗೊಂಡ ಒಬ್ಬಳನ್ನು, ಲೊರೇನ್. ಅಂಥವಳು ಯಾರೂ ಇರಲಿಲ್ಲ.

ಪ್ಯಾಮೆಲಾಳ ಮೇಲಿನ ಸಿಟ್ಟು ಇಳಿದಿದೆಯೇ? ಇಲ್ಲ. ಆ ತೋಟದ ಫಲಕವನ್ನು ಗುದ್ದಲಿಯಿಂದ ಕಿತ್ತುಹಾಕಬೇಕು ಎಂದು ಈಗಲೂ ಕೈ ತುರಿಸುತ್ತದೆ. ಆ ಹೆಸರು ಕದ್ದ ಮಾಲು ಎಂದು ಸಾರಿ ಅವಳನ್ನು ಬೀದಿಗೆಳೆಯುವ ಪತ್ರವನ್ನು ಅವಳ ಕೂಟಕ್ಕೆ ನಾಲ್ಕು ಸಲ ಬರೆದಿದ್ದೇನೆ. ನಾಲ್ಕನ್ನೂ ಹರಿದೆ. ಒಂದೊಂದರಲ್ಲೂ ಬರೆಯುತ್ತ ಬರೆಯುತ್ತ ಅದೇ ಕಾಫಿಯ ರುಚಿ ಬಾಯಿಗೆ ಬರುತ್ತಿತ್ತು. ಮೊದಲು ಅವರ ಹೆಸರಿನಿಂದ ಹೊಡೆದೆ, ಈಗ ಅವರ ನೋವಿನಿಂದ ಹೊಡೆಯಲು ಹೊರಟಿದ್ದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ಕೊಯ್ದದ್ದು ನನ್ನ ಮೂಗೂ ಅಲ್ಲ, ಅವಳ ಮೂಗೂ ಅಲ್ಲ.

ಇದನ್ನೆಲ್ಲ ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಕಳೆದ ವಾರ ಲೊರೇನ್ ಫೋನು ಮಾಡಿದರು. ಕೇಯ್ಲಾಗೆ ಈಗ ಹದಿನೆಂಟು. ಕೊನೆಗೂ ಒಂದು ಹೆಸರು ಕೊಡುತ್ತಿದ್ದಾರೆ. ಅದಲ್ಲ—ಲೊರೇನ್‌ನ ತಾಯಿಯದ್ದು. ಶನಿವಾರ. ಅವರ ಪದ್ಧತಿಯಲ್ಲಿ, ಹೆಸರಿಡುವಾಗ ಬಂದವರಲ್ಲಿ ಕೆಲವರನ್ನು ಸಾಕ್ಷಿಗಳೆಂದು ಕರೆದು ನಿಲ್ಲಿಸುತ್ತಾರೆ. ಕಾಗದವಿಲ್ಲ, ಸಹಿಯಿಲ್ಲ. ಅಲ್ಲಿ ನಡೆದದ್ದನ್ನು ಆ ಸಾಕ್ಷಿಗಳು ಬದುಕಿರುವವರೆಗೆ ನೆನಪಿಟ್ಟುಕೊಂಡು, ಯಾರು ಯಾವಾಗ ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ಮಾತು ನೆಚ್ಚಬಹುದಾದವರನ್ನೇ ಆರಿಸುತ್ತಾರೆ.

"ನೀನು ಸಾಕ್ಷಿಯಾಗಿ ನಿಲ್ಲಬೇಕು, ಗಿರಿಜಾ. ಕೇಯ್ಲಾನೇ ಕೇಳಿದಳು" ಎಂದರು.

ಆಗಲಿ ಎಂದುಬಿಟ್ಟೆ. ಫೋನಿಟ್ಟ ಮೇಲೆ ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದೂ ತಿಳಿಯಲಿಲ್ಲ. ನಮ್ಮ ಕಚೇರಿಯ ಹೊರಗೆ ಹೊಂಗೆ ಮರದ ಕೆಳಗೆ ಬಾಡಿಗೆ ಸಾಕ್ಷಿಗಳು ಕೂತಿರುತ್ತಿದ್ದರು; ಒಂದು ಟೀ, ಒಂದು ವಡೆ ಕೊಡಿಸಿದರೆ ಯಾರ ಪತ್ರಕ್ಕೆ ಬೇಕಾದರೂ ಸಹಿ ಹಾಕುವವರು. ಅವರನ್ನು ನೋಡಿ ಹೇಸಿಕೊಳ್ಳುತ್ತಿದ್ದೆ. ಅವರಿಗಾದರೂ ತಾವು ಸುಳ್ಳು ಸಾಕ್ಷಿಗಳೆಂದು ಗೊತ್ತಿತ್ತು, ಕರೆದವರಿಗೂ ಗೊತ್ತಿತ್ತು.

"ಹೇಳಿಬಿಡ್ಬೇಕು ರೀ ಅವ್ರಿಗೆ" ಎಂದು ಶ್ರೀಕಂಠರಿಗೆ ಎಲ್ಲವನ್ನೂ ಹೇಳಿದೆ. ಅವರು, "ಈಗ್ಯಾಕೆ ಕೆದಕ್ತೀಯ? ಅವ್ರು ಖುಷಿಯಾಗಿದಾರೆ, ನೀನೂ ಖುಷಿಯಾಗಿದೀಯ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನೂ ಆರು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದೆನಲ್ಲ.

ಲೊರೇನ್‌ಗೆ ಓದಲು ಬಾರದ ಭಾಷೆಯಲ್ಲಿ ಮೊದಲು ಬರೆಯುತ್ತಿರುವುದು ಹೇಡಿತನವೇ ಇರಬಹುದು. ಆದರೆ ಆ ಬೈಗುಳ ಹುಟ್ಟಿದ್ದು ಈ ಭಾಷೆಯಲ್ಲಿ. ಓದುವ ನೀವು ಅದನ್ನು ಕೇಳಿದವರು, ಕೆಲವರು ಆಡಿದವರು ಕೂಡ. ನಿಮ್ಮೆದುರು ಮುಚ್ಚಿಕೊಳ್ಳಲು ಇನ್ನೊಂದು ನೆಪ ಸಿಗುವುದಿಲ್ಲ.

ನಾಳೆ ಬುಧವಾರ. ಹನ್ನೊಂದರ ಬಸ್ಸಿಗೆ ಹೊರಟು ಲೊರೇನ್ ಮನೆಗೆ ಹೋಗುತ್ತೇನೆ. ನಿಮ್ಮವರಲ್ಲಿ ಹುಟ್ಟುವುದು ಒಂದು ಅವಮಾನ ಎಂದು ನಾನು ನಂಬಿದ್ದೆ, ಅದಕ್ಕೇ ಆ ಹೆಸರು ಬರೆದೆ—ಹೇಳಬೇಕಾದದ್ದು ಇಷ್ಟೇ. ಇಂಗ್ಲಿಷಿನಲ್ಲಿ ಬರೆದು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಕ್ಷಮಿಸಿ ಎಂಬ ಮಾತನ್ನು ಅದರಿಂದ ತೆಗೆದುಹಾಕಿದ್ದೇನೆ, ಅದನ್ನು ಕೇಳಿದರೆ ಅವರು ಕೊಟ್ಟುಬಿಡುವ ಸ್ವಭಾವದವರು. ಹೇಳಿ ಮುಗಿಸಿ, ಅವರು ಬಾಗಿಲು ತೋರಿಸಿದರೆ ಎದ್ದು ಬರುತ್ತೇನೆ. ಶನಿವಾರ ಸಾಕ್ಷಿಗಳ ಸಾಲಿನಲ್ಲಿ ನನ್ನ ಜಾಗದಲ್ಲಿ ಬೇರೊಬ್ಬರು ನಿಲ್ಲುತ್ತಾರೆ. ನಿಲ್ಲಲಿ. ಒಂದು ಹೆಸರನ್ನು ನನ್ನಿಂದ ಕಳೆದುಕೊಂಡ ಹುಡುಗಿ, ಎರಡನೆಯದನ್ನು ಪಡೆಯುವಾಗ ಪಕ್ಕದಲ್ಲಿ ಸುಳ್ಳು ಸಾಕ್ಷಿ ಇರುವುದು ಬೇಡ.